ಅನ್ನದ ದಾರಿಯಲ್ಲಿ ನಂಜು

ಮಲೆನಾಡಿನ ಮನೆಗಳಲ್ಲಿ ಕಾಲಿಗೆ ಗಾಯವಾದವನಿಗೆ ಬದನೆಕಾಯಿ ಬಡಿಸುವುದಿಲ್ಲ. ‘ನಂಜು’ ಎನ್ನುತ್ತಾರೆ. ಪಕ್ಕದ ಎಲೆಯವನು ಅದೇ ಪಲ್ಯವನ್ನು ಎರಡನೆಯ ಸಲ ಕೇಳಿ ಹಾಕಿಸಿಕೊಳ್ಳುತ್ತಾನೆ. ಅವನಿಗೆ ಅದು ನಂಜಲ್ಲ. ನಿಘಂಟನ್ನು ತೆರೆದರೆ ನಂಜು ಎಂದರೆ ವಿಷವೆಂಬ ಅರ್ಥ ಮೊದಲು ಸಿಗುತ್ತದೆ. ಆದರೆ ಬಳಕೆಯ ಮಾತು ನಿಘಂಟಿಗಿಂತ ಸೂಕ್ಷ್ಮವಾದದ್ದು. ವಿಷ ಯಾರು ತಿಂದರೂ ವಿಷವೇ. ನಂಜು ಹಾಗಲ್ಲ, ಮೈಯಲ್ಲಿ ಮೊದಲೇ ಒಂದು ಕೆರಳಿಕೆಯಿದ್ದಾಗ ಸಾಮಾನ್ಯ ವಸ್ತುವೊಂದು ತಾಳುವ ರೂಪ ಅದು. ಬದನೆಕಾಯಿಯ ಮೇಲಿನ ಈ ಆರೋಪ ಎಷ್ಟು ನಿಜವೆಂಬುದನ್ನು ವೈದ್ಯರಿಗೆ ಬಿಟ್ಟುಬಿಡೋಣ. ಶಬ್ದವನ್ನು ಮಾತ್ರ ನಾನು ಎರವಲು ಪಡೆಯುತ್ತೇನೆ; ಇಂದು ಹೇಳಬೇಕಾದ ವಿಷಯಕ್ಕೆ ಇದಕ್ಕಿಂತ ತಕ್ಕ ಶಬ್ದ ನನಗೆ ಸಿಕ್ಕಿಲ್ಲ.

ವಿಷಯವೆಂದರೆ ಕ್ವಿನೊಲಿನಿಕ್ ಆಮ್ಲ. ಹೆಸರು ಕೇಳಿ ಗಾಬರಿಯಾಗಬೇಕಾಗಿಲ್ಲ. ನಾವು ಉಂಡ ಅನ್ನದಿಂದ, ನಮ್ಮ ಮೈಯೊಳಗೇ, ದಿನವೂ ಹುಟ್ಟಿ ದಿನವೂ ಕರಗಿಹೋಗುವ ವಸ್ತು ಅದು. ಅದು ಕರಗದೆ ಮಿದುಳಿನಲ್ಲಿ ನಿಂತರೆ ಅಲ್ಲಿಯ ಜೀವಕೋಶಗಳ ಶಕ್ತಿಯನ್ನೇ ಬತ್ತಿಸುತ್ತದೆ. ಹಳಗನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಈ ಉಸಾಬರಿ ಏಕೆಂದು ಶ್ರೋತೃಗಳು ಕೇಳಬಹುದು. ವಿದ್ಯಾನಗರದ ನನ್ನ ಮನೆಯ ಜಗಲಿಗೆ ಸಂಜೆ ಬರುವ ಗೆಳೆಯರೊಬ್ಬರು ಜೀವರಸಾಯನಶಾಸ್ತ್ರವನ್ನು ಕಲಿಸಿದವರು; ಮುಂದೆ ಹೇಳುವ ಶಾಸ್ತ್ರಭಾಗವನ್ನು ಅವರು ತಿದ್ದಿಕೊಟ್ಟಿದ್ದಾರೆ. ಆದರೆ ಕುತೂಹಲ ಹುಟ್ಟಿದ್ದು ಜಗಲಿಯಲ್ಲಲ್ಲ, ಲಿಂಗಸುಗೂರಿನಲ್ಲಿ.

1986ರ ಬೇಸಿಗೆ. ನಾನು ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ರಾಯಚೂರು ಜಿಲ್ಲೆಗೆ ಬರ ಬಿದ್ದಿತ್ತು. ನಮ್ಮ ಬಾಡಿಗೆ ಮನೆಯಲ್ಲಿ ಪಾತ್ರೆ ತೊಳೆಯಲು ಒಬ್ಬಾಕೆ ಬರುತ್ತಿದ್ದಳು. ನಲವತ್ತರ ಆಚೀಚಿನ ವಯಸ್ಸು. ಬಾಯಿ ತುಂಬ ಮಾತಿನ ಹೆಂಗಸು. ಆ ಬೇಸಿಗೆಯಲ್ಲಿ ಅವಳ ಮಾತು ಕಡಿಮೆಯಾಗುತ್ತ ಬಂತು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುವಳು. ಬಾಗಿಲಲ್ಲಿ ನಿಂತು ತಾನೇಕೆ ಬಂದೆನೆಂಬುದನ್ನು ಮರೆಯುವಳು. ಒಂದು ಬೆಳಿಗ್ಗೆ ಬೀದಿಯಲ್ಲಿ ನಾಲ್ಕು ಜನರ ಮುಂದೆ, ನಾನು ಅವಳ ಮನೆಯ ಜೋಳದ ಚೀಲವನ್ನು ಕದ್ದೆನೆಂದು ಕೂಗಾಡಿದಳು. ನೆರೆಯವರು ಗಾಳಿ ಸೋಕಿದೆ ಎಂದರು. ನಾನು ಓದಿದವನು, ಗಾಳಿಯನ್ನು ನಂಬುವವನಲ್ಲ. ಹಟಮಾರಿತನ, ಕೃತಘ್ನತೆ ಎಂದುಕೊಂಡೆ. ನಾಳೆಯಿಂದ ಬರಬೇಡವೆಂದೆ. ನೆರೆಯವರ ನಂಬಿಕೆಯಲ್ಲಿ ಅವಳ ತಪ್ಪೇನೂ ಇರಲಿಲ್ಲ. ನನ್ನ ವಿವೇಚನೆಯಲ್ಲಿ ತಪ್ಪೆಲ್ಲವೂ ಅವಳದೇ ಆಗಿತ್ತು. ಇದು ಹೊಳೆಯಲು ನನಗೆ ಬಹಳ ಕಾಲ ಬೇಕಾಯಿತು.

ಹದಿನೈದು ದಿನಗಳ ಮೇಲೆ ಅವಳ ಮಗಳು ಬಂದು ಅಳುತ್ತ ನಿಂತಳು. ಬಿಡುವಂತಿರಲಿಲ್ಲ, ಆಸ್ಪತ್ರೆಗೆ ಜೊತೆಗೆ ಹೋದೆ. ವೈದ್ಯರು ಅವಳ ಮಾತಿಗೆ ಕಿವಿಗೊಡಲೇ ಇಲ್ಲ. ಸೆರಗು ಸರಿಸಿ ಕೊರಳನ್ನು ನೋಡಿದರು. ಬಿಸಿಲು ಬೀಳುವಷ್ಟು ಜಾಗದಲ್ಲಿ, ಸರ ಹಾಕಿದಂತೆ, ಕಪ್ಪಾಗಿ ಒರಟಾಗಿ ಸುಲಿದ ಚರ್ಮ. ಮುಂಗೈ, ಪಾದದ ಮೇಲ್ಭಾಗ ಕೂಡ ಹಾಗೆಯೇ. ಹೊಟ್ಟೆ ನಿಲ್ಲುತ್ತದೆಯೇ ಎಂದು ಕೇಳಿದರು. ತಿಂಗಳಿಂದ ಭೇದಿ ಎಂದಳು ಮಗಳು. ಬಳಿಕ “ಅವ್ವಾ, ಏನ್ ಉಂತೀದಿ?” ಎಂದರು. ರೊಟ್ಟಿ. ರೊಟ್ಟಿಗೆ ಏನು? ಖಾರ. ಬ್ಯಾಳಿ? ಇಲ್ಲ. ಶೇಂಗಾ? ಇಲ್ಲ. ಹಾಲು, ಮಜ್ಜಿಗೆ? ಮಗಳು ನಕ್ಕುಬಿಟ್ಟಳು. ವೈದ್ಯರು ಮಾತ್ರೆ ಬರೆದರು. ಕಾಯಿಲೆಯ ಹೆಸರು ಪೆಲಾಗ್ರ. ಮಾತ್ರೆ ನಯಾಸಿನ್ ಎಂಬ ಜೀವಸತ್ವದ್ದು. ಚರ್ಮ ವಾಸಿಯಾಗಲು ವಾರಗಳು ಬೇಕಾದವು. ಬುದ್ಧಿ ತಿಳಿಯಾದದ್ದು ಕೆಲವೇ ದಿನಗಳಲ್ಲಿ. ಮಂತ್ರವಾದಿಯೂ ಉಪದೇಶಕನೂ ಮಾಡಲಾರದ್ದನ್ನು ಒಂದು ಗುಳಿಗೆ ಮಾಡಿದ್ದು ಹೇಗೆಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಉತ್ತರ ಒಂದು ದಾರಿಯ ಕಥೆಯಾಗಿದೆ. ನಾವು ತಿನ್ನುವ ಪ್ರೋಟೀನುಗಳಲ್ಲಿ ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲವಿದೆ. ಕೇಂಬ್ರಿಜ್‌ನ ಹಾಪ್ಕಿನ್ಸ್ ಮತ್ತು ಕೋಲ್ 1901ರಲ್ಲಿ ಇದನ್ನು ಮೊದಲು ಬೇರ್ಪಡಿಸಿದರು. ಮೈ ಇದನ್ನು ತಾನಾಗಿ ತಯಾರಿಸಿಕೊಳ್ಳಲಾರದು. ಬೇಳೆ, ಹಾಲು, ಎಳ್ಳು, ಮೊಟ್ಟೆ, ಮಾಂಸಗಳಿಂದ ಬರಬೇಕು. ಮೈ ಕಟ್ಟಲು ಬಳಸಿ ಮಿಕ್ಕದ್ದರಲ್ಲಿ ಒಂದು ಸಣ್ಣ ಪಾಲು ಸಿರೊಟೋನಿನ್ ಆಗುತ್ತದೆ. ಅದರ ಖ್ಯಾತಿ ದೊಡ್ಡದು; ನಿದ್ದೆಗೂ ಮನಸ್ಸಿನ ನೆಮ್ಮದಿಗೂ ಅದನ್ನೇ ಕಾರಣವಾಗಿ ಹೇಳುವುದು ವಾಡಿಕೆ. ಆದರೆ ಹತ್ತರಲ್ಲಿ ಒಂಬತ್ತು ಪಾಲಿಗೂ ಮೀರಿದ್ದು ಹಿಡಿಯುವುದು ಬೇರೊಂದು ದಾರಿ. ಬಹುಮಟ್ಟಿಗೆ ಯಕೃತ್ತಿನಲ್ಲಿ ನಡೆಯುವ ಈ ದಾರಿಯಲ್ಲಿ ಅದು ಮೆಟ್ಟಿಲು ಮೆಟ್ಟಿಲಾಗಿ ಬದಲಾಗುತ್ತ ಕೊನೆಗೆ ಎನ್.ಎ.ಡಿ. ಎಂಬ ಪದಾರ್ಥವಾಗುತ್ತದೆ. ನಯಾಸಿನ್ ಜೀವಸತ್ವ ಸೇರುವುದೂ ಇದೇ ಊರನ್ನು. ಸುಮಾರು 60 ಮಿಲಿಗ್ರಾಂ ಟ್ರಿಪ್ಟೊಫ್ಯಾನ್ 1 ಮಿಲಿಗ್ರಾಂ ನಯಾಸಿನ್‌ಗೆ ಸಮವೆಂದು ಆಹಾರತಜ್ಞರ ಲೆಕ್ಕ. ಇಷ್ಟು ದುಬಾರಿಯಾಗಿ ಏಕೆ ಪಡೆಯಬೇಕೆಂದರೆ, ಎನ್.ಎ.ಡಿ. ಇಲ್ಲದೆ ಬದುಕಿಲ್ಲ. ಅನ್ನದಲ್ಲಿರುವ ಶಕ್ತಿಯನ್ನು ಎಲೆಕ್ಟ್ರಾನುಗಳ ರೂಪದಲ್ಲಿ ಹೊತ್ತು ಜೀವಕೋಶದ ಒಲೆಗಳಿಗೆ, ಅಂದರೆ ಮೈಟೊಕಾಂಡ್ರಿಯಗಳಿಗೆ, ಮುಟ್ಟಿಸುವ ಹಮಾಲಿ ಅದು. ಆ ಒಲೆಗಳಲ್ಲಿ ಸಿದ್ಧವಾಗುವ ಎ.ಟಿ.ಪಿ.ಯೇ ಮೈಯ ಎಲ್ಲ ಕೆಲಸಗಳಿಗೂ ಸಲ್ಲುವ ನಾಣ್ಯ.

ಕ್ವಿನೊಲಿನಿಕ್ ಆಮ್ಲ ಈ ದಾರಿಯಲ್ಲಿ, ಗುರಿಗೆ ಇನ್ನೇನು ಮೂರು ಹೆಜ್ಜೆಯಿರುವಾಗ ಬರುವ ಮೆಟ್ಟಿಲು. ಅದನ್ನು ಮುಂದಕ್ಕೆ ದಾಟಿಸುವ ಕಿಣ್ವ ಯಕೃತ್ತಿನಲ್ಲಿ ಬೇಕಾದಷ್ಟಿದೆ. ಆದ್ದರಿಂದ ಅಲ್ಲಿ ಅದು ಬಂದದ್ದೂ ತಿಳಿಯದಂತೆ ಸಾಗಿಹೋಗುತ್ತದೆ. ನಮ್ಮ ಭದ್ರಾವತಿಯ ಉದಾಹರಣೆ ಕೊಡುವುದಾದರೆ, 1923ರಲ್ಲಿ ಅಲ್ಲಿಯ ಕಬ್ಬಿಣದ ಕಾರ್ಖಾನೆ ಆರಂಭವಾದಾಗ ಕುಲುಮೆಗೆ ಬೇಕಾದ ಇದ್ದಿಲನ್ನು ಮಲೆನಾಡಿನ ಕಟ್ಟಿಗೆಯಿಂದ ಮಾಡುತ್ತಿದ್ದರು. ಕಟ್ಟಿಗೆಯನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿದಾಗ ಹೊರಡುವ ಆವಿಯನ್ನು ತಣಿಸಿ ಮಿಥೈಲ್ ಮದ್ಯಸಾರವನ್ನೂ ಟಾರನ್ನೂ ತೆಗೆಯುವ ವ್ಯವಸ್ಥೆಯಿತ್ತು. ಮಿಥೈಲ್ ಮದ್ಯಸಾರ ಕುಡಿದರೆ ಕಣ್ಣು ಕಳೆಯುವ ಪದಾರ್ಥ. ಕೊಳವೆಯೊಳಗೆ ಹರಿಯುತ್ತಿರುವಷ್ಟು ಹೊತ್ತು ಅದು ಸರಕು, ಲೆಕ್ಕದ ಪುಸ್ತಕದಲ್ಲಿ ಲಾಭದ ಬಾಬತ್ತು. ಕೊಳವೆ ಒಡೆದು ಕುಡಿಯುವ ನೀರಿನ ಬಾವಿಗೆ ಸೇರಿದರೆ ಅದರ ಹೆಸರು ಬೇರೆಯಾಗುತ್ತದೆ. ಕ್ವಿನೊಲಿನಿಕ್ ಆಮ್ಲಕ್ಕೆ ಮಿದುಳು ಅಂಥ ಬಾವಿ.

ಏಕೆಂದರೆ ಮಿದುಳಿನಲ್ಲಿ ಆ ದಾಟಿಸುವ ಕಿಣ್ವ ಬಹಳ ಕಡಿಮೆ. ಜೊತೆಗೆ ಮಿದುಳಿನ ಸಂಸಾರವೇ ದುಬಾರಿಯದು. ಮೈತೂಕದಲ್ಲಿ ನೂರಕ್ಕೆ ಎರಡರಷ್ಟಿರುವ ಅಂಗ, ವಿಶ್ರಾಂತಿಯಲ್ಲಿ ಮೈ ಬಳಸುವ ಆಮ್ಲಜನಕದಲ್ಲಿ ನೂರಕ್ಕೆ ಇಪ್ಪತ್ತರಷ್ಟನ್ನು ತಾನೇ ನುಂಗುತ್ತದೆ. ಈ ವೆಚ್ಚದ ದೊಡ್ಡ ಭಾಗ ಹೋಗುವುದು ಚಿಂತನೆಗೆಂದು ನಮ್ಮಂಥವರು ತಿಳಿಯುತ್ತೇವೆ; ಹಾಗಲ್ಲ. ಅದು ಹೋಗುವುದು ನೀರೆತ್ತುವುದಕ್ಕೆ. ನರಕೋಶದೊಳಗೆ ನುಗ್ಗುವ ಸೋಡಿಯಂ ಕಣಗಳನ್ನು ಹೊರಕ್ಕೆ ಎತ್ತಿಹಾಕುತ್ತಲೇ ಇರಬೇಕು, ತೂತು ದೋಣಿಯಲ್ಲಿ ಕುಳಿತವನಂತೆ. ಎತ್ತುವ ಕೈ ನಿಂತರೆ ದೋಣಿ ಮುಳುಗಿತು.

ಇಂಥ ಕಡೆ ಕ್ವಿನೊಲಿನಿಕ್ ಆಮ್ಲ ಏನು ಮಾಡುತ್ತದೆ? ವೇಷ ಹಾಕುತ್ತದೆ. ನರಕೋಶಗಳ ನಡುವೆ ಸುದ್ದಿ ಒಯ್ಯುವ ದೂತ ಗ್ಲುಟಮೇಟ್. ಅದು ಬಂದು ತಟ್ಟುವ ಬಾಗಿಲುಗಳಲ್ಲಿ ಒಂದಕ್ಕೆ ಎನ್.ಎಂ.ಡಿ.ಎ. ಗ್ರಾಹಕವೆಂದು ಹೆಸರು. ಕ್ವಿನೊಲಿನಿಕ್ ಆಮ್ಲ ಅದೇ ಬಾಗಿಲಿಗೆ ಹೊಂದುವ ಕಳ್ಳ ಬೀಗದ ಕೈ. ನಿಜವಾದ ದೂತ ತಟ್ಟಿದ ಮೇಲೆ ಅವನನ್ನು ಕೂಡಲೇ ಎತ್ತಿ ಒಯ್ಯುವ ವ್ಯವಸ್ಥೆ ಮಿದುಳಿನಲ್ಲಿದೆ. ಈ ಕಳ್ಳನನ್ನು ಒಯ್ಯುವವರಿಲ್ಲ. ಬಾಗಿಲು ತೆರೆದೇ ಇರುತ್ತದೆ, ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ನುಗ್ಗಿದ ಕ್ಯಾಲ್ಸಿಯಮ್ಮನ್ನು ಮೈಟೊಕಾಂಡ್ರಿಯಗಳು ತಮ್ಮೊಳಕ್ಕೆ ಎಳೆದುಕೊಂಡು ಉಬ್ಬುತ್ತವೆ; ಒಲೆಯ ಉರಿ ತಗ್ಗುತ್ತದೆ; ಎ.ಟಿ.ಪಿ. ಕಡಿಮೆಯಾಗುತ್ತದೆ. ಎ.ಟಿ.ಪಿ. ಇಲ್ಲದೆ ನೀರೆತ್ತುವ ಕೈ ಸೋಲುತ್ತದೆ. ಇಲ್ಲಿಗೆ ಮುಗಿಯಲಿಲ್ಲ. ಆ ಬಾಗಿಲಿಗೆ ಸಾಮಾನ್ಯವಾಗಿ ಮೆಗ್ನೀಸಿಯಂ ಕಣವೊಂದು ಬಿರಡೆಯಂತೆ ಕೂತಿರುತ್ತದೆ. ಕೋಶದ ವಿದ್ಯುತ್ ಸಮತೋಲ ಸರಿಯಾಗಿದ್ದರೆ ಮಾತ್ರ ಬಿರಡೆ ನಿಲ್ಲುತ್ತದೆ. ಶಕ್ತಿ ಕುಂದಿ ಸಮತೋಲ ತಪ್ಪಿದೊಡನೆ ಬಿರಡೆಯೂ ಕಳಚಿಕೊಳ್ಳುತ್ತದೆ. ಇನ್ನಷ್ಟು ಬಾಗಿಲುಗಳು ತೆರೆಯುತ್ತವೆ. ಬರಗಾಲದಲ್ಲಿ ಅಧಿಕಮಾಸ ಎಂದು ನಾವು ಹೇಳುವುದು ಇಂಥದಕ್ಕೇ. ಮೊದಲೇ ಬಡವಾಗಿರುವ ಕೋಶಕ್ಕೆ, ಆರೋಗ್ಯವಂತ ಕೋಶ ಸಹಿಸಬಲ್ಲಷ್ಟು ಪ್ರಮಾಣವೂ ಮಾರಕವಾಗಬಹುದು.

ಇನ್ನೊಂದು ಬಗೆಯ ಹಾನಿಯೂ ಇದೆ. ಕಬ್ಬಿಣದ ಕಣಗಳೊಡನೆ ಕೂಡಿ ಈ ಆಮ್ಲ ಉಗ್ರವಾದ ಆಮ್ಲಜನಕ ರೂಪಗಳನ್ನು ಹುಟ್ಟಿಸುತ್ತದೆ. ಅವು ಕೋಶದ ವಂಶಸೂತ್ರವಾದ ಡಿ.ಎನ್.ಎ.ಯನ್ನು ಅಲ್ಲಲ್ಲಿ ಕಡಿಯುತ್ತವೆ. ಕಡಿದುದನ್ನು ಬೆಸೆಯಲು ಹೊರಡುವ ಕಿಣ್ವವೊಂದು ತನ್ನ ಕೆಲಸಕ್ಕೆ ಬಳಸುವುದು ಏನನ್ನು? ಎನ್.ಎ.ಡಿ.ಯನ್ನು. ಗಾಯ ಹೆಚ್ಚಾದಷ್ಟೂ ದುರಸ್ತಿಯ ವೆಚ್ಚ ಹೆಚ್ಚಿ ಎನ್.ಎ.ಡಿ.ಯ ಭಂಡಾರವೇ ಬರಿದಾಗುತ್ತದೆ. ತಾನು ಯಾವುದಾಗಬೇಕಿತ್ತೋ ಅದನ್ನೇ ಈ ಆಮ್ಲ ಕರಗಿಸಿಬಿಟ್ಟಂತಾಯಿತು. ಮಾನವ ನರಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ ನೋಡಿದವರು 2009ರಲ್ಲಿ ಕಂಡದ್ದು ಇದನ್ನೇ: ತೀರ ಅಲ್ಪ ಪ್ರಮಾಣದಲ್ಲಿ ಕೊಟ್ಟಾಗ ಎನ್.ಎ.ಡಿ. ಹೆಚ್ಚಿತು, ಪ್ರಮಾಣ ಮೀರಿದಾಗ ಕುಸಿಯಿತು. ಅದಕ್ಕೂ ಎರಡು ವರ್ಷ ಮೊದಲು, 2007ರಲ್ಲಿ, ಬ್ರೆಜಿಲ್ಲಿನ ವಿಜ್ಞಾನಿಗಳು ಎಳೆಯ ಇಲಿಗಳ ಮಿದುಳಿನಲ್ಲಿ ಪರೀಕ್ಷಿಸಿ, ಮೈಟೊಕಾಂಡ್ರಿಯದ ಉಸಿರಾಟದ ಸರಪಳಿಯ ಕೆಲವು ಕೊಂಡಿಗಳು ಈ ಆಮ್ಲದ ಎದುರಿನಲ್ಲಿ ಮಂದವಾಗುವುದನ್ನು ತೋರಿಸಿದ್ದರು.

ಈ ತಿಳಿವಳಿಕೆ ಬಂದದ್ದು ತಡವಾಗಿ. 1978ರಲ್ಲಿ ಲೆನಿನ್‌ಗ್ರಾಡಿನ ಲಾಪಿನ್, ಈ ಆಮ್ಲವನ್ನು ಮಿದುಳಿಗೆ ಹಾಕಿದ ಇಲಿಗಳಲ್ಲಿ ಅಪಸ್ಮಾರದಂಥ ಸೆಳವು ಬರುವುದನ್ನು ವರದಿ ಮಾಡಿದರು. 1981ರಲ್ಲಿ ಲಂಡನ್ನಿನ ಸ್ಟೋನ್ ಮತ್ತು ಪರ್ಕಿನ್ಸ್ ಅದು ನರಕೋಶಗಳನ್ನು ಕೆರಳಿಸುವ ಬಗೆಯನ್ನು ಕಂಡರು. 1983ರಲ್ಲಿ ಅಮೆರಿಕದ ಷ್ವಾರ್ಟ್ಸ್ ಮತ್ತು ಸಂಗಡಿಗರು, ಇಲಿಯ ಮಿದುಳಿಗೆ ಚುಚ್ಚಿದ ಕಡೆ ನರಕೋಶಗಳು ಸತ್ತು, ಆ ಜಾಗವನ್ನು ಹಾದುಹೋಗುವ ನರತಂತುಗಳು ಉಳಿಯುವುದನ್ನು ತೋರಿಸಿದರು. ಕೈಕಾಲುಗಳು ತಾವಾಗಿ ಕುಣಿಯುವ ಹಂಟಿಂಗ್‌ಟನ್ ಎಂಬ ಆನುವಂಶಿಕ ರೋಗದ ಮಿದುಳನ್ನು ಅದು ಹೋಲುತ್ತಿತ್ತು.

ನಮ್ಮ ನಾಡಿನಲ್ಲೂ ಇದಕ್ಕೆ ಹತ್ತಿರದ ಕೆಲಸ ನಡೆದಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವಿಜಯಲಕ್ಷ್ಮಿ ರವೀಂದ್ರನಾಥ್ ಮತ್ತು ಅವರ ಸಂಗಡಿಗರು 1990ರ ದಶಕದಲ್ಲಿ ಕೇಸರಿ ಬೇಳೆಯ ವಿಷವನ್ನು ಅಭ್ಯಸಿಸಿದರು. ಮಧ್ಯಭಾರತದಲ್ಲಿ ಬರಗಾಲದಲ್ಲಿ ಈ ಬೇಳೆಯನ್ನೇ ನೆಚ್ಚಿದ ಬಡವರ ಕಾಲುಗಳು ಸೆಡೆತು ನಿಲ್ಲುವುದು ಹಳೆಯ ಸಂಕಟ. ಆ ಬೇಳೆಯ ವಿಷವೂ ಒಂದು ಅಮೈನೋ ಆಮ್ಲ; ಅದೂ ಗ್ಲುಟಮೇಟಿನ ವೇಷ ಹಾಕುವಂಥದೇ, ತಟ್ಟುವ ಬಾಗಿಲು ಮಾತ್ರ ಬೇರೆ. ನರಕೋಶ ಸಾಯುವುದಕ್ಕೆ ಮುಂಚೆಯೇ ಅದರ ಮೈಟೊಕಾಂಡ್ರಿಯದ ಉಸಿರಾಟದ ಸರಪಳಿಯ ಮೊದಲ ಕೊಂಡಿ ಕುಸಿದಿರುತ್ತದೆಂದು ಇವರು ಇಲಿಗಳಲ್ಲಿ ತೋರಿಸಿದರು. ಮನೆ ಬೀಳುವ ಮೊದಲು ಒಲೆ ಆರಿರುತ್ತದೆ.

ಹಾಗಾದರೆ ಮಿದುಳಿನಲ್ಲಿ ಈ ಆಮ್ಲ ಹೆಚ್ಚುವುದು ಯಾವಾಗ? ಇಲ್ಲಿ ನಂಜು ಎಂಬ ಮಾತು ಮರಳಿ ಬರುತ್ತದೆ. ಸೋಂಕೋ ಗಾಯವೋ ಆಗಿ ಮೈ ಕೆರಳಿದಾಗ ರಕ್ಷಣೆಯ ಕೋಶಗಳು ಎಚ್ಚರಗೊಳ್ಳುತ್ತವೆ. ಇಂಟರ್‌ಫೆರಾನ್ ಎಂಬ ಡಂಗುರ ಕೇಳಿಸಿದೊಡನೆ ಅವು ಟ್ರಿಪ್ಟೊಫ್ಯಾನನ್ನು ಒಡೆಯಲು ತೊಡಗುತ್ತವೆ. ರೋಗಾಣುಗಳಿಗೆ ಆಹಾರ ಸಿಗದಂತೆ ಮಾಡುವ ಉಪಾಯವೂ ಇದರಲ್ಲಿದೆ. ಕೋಟೆಗೆ ಮುತ್ತಿಗೆ ಬಿದ್ದಾಗ ಸುತ್ತಲಿನ ಹೊಲಗಳಿಗೆ ತಾವೇ ಬೆಂಕಿಯಿಡುವ ದೊರೆಗಳ ಕಥೆಯನ್ನು ಚರಿತ್ರೆಯಲ್ಲಿ ಓದಿದ್ದೇವೆ. ಮಿದುಳಿನ ಕಾವಲು ಕೋಶಗಳು ಇದೇ ಕೆಲಸದಲ್ಲಿ ತೊಡಗಿದಾಗ ಕ್ವಿನೊಲಿನಿಕ್ ಆಮ್ಲ ಅಲ್ಲಿಯೇ ಹುಟ್ಟುತ್ತದೆ. 1990ರ ದಶಕದ ಆರಂಭದಲ್ಲಿ ಏಡ್ಸ್ ರೋಗಿಗಳ ಮಿದುಳುಬಳ್ಳಿಯ ದ್ರವವನ್ನು ಅಳೆದವರಿಗೆ, ಬುದ್ಧಿಮಾಂದ್ಯ ಬಂದವರಲ್ಲಿ ಇದು ಹೆಚ್ಚಾಗಿರುವುದು ಕಂಡಿತು. ಮಲೇರಿಯ ಮಿದುಳಿಗೇರಿದ ಆಫ್ರಿಕದ ಮಕ್ಕಳಲ್ಲಿಯೂ ಇದೇ ಕಂಡಿತು. ಪ್ರಮಾಣ ಹೆಚ್ಚಿದಷ್ಟೂ ಮಗುವಿನ ಗತಿ ಕೆಟ್ಟದಾಗಿರುತ್ತಿತ್ತು. ಜ್ವರ ಬುದ್ಧಿಯನ್ನು ಕದಡುತ್ತದೆಂಬುದನ್ನು ನಮ್ಮ ಜಿಲ್ಲೆಯವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. 1957ರಲ್ಲಿ ಸೊರಬದ ಕಡೆಯ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆಯ ಕಾರಣ ಬೇರೆ, ಅದು ಉಣ್ಣೆಯಿಂದ ಬರುವ ವೈರಸ್ಸಿನದು. ಆದರೂ ಇಳಿದ ಜ್ವರ ಕೆಲವರಲ್ಲಿ ಮರುಕಳಿಸಿ ತಲೆನೋವು, ನಡುಕ, ಭ್ರಮೆಗಳನ್ನು ತರುವುದನ್ನು ಕಂಡ ಮನೆಗಳು ಇಲ್ಲಿವೆ.

ಪ್ರಕೃತಿ ಇದಕ್ಕೆ ಪ್ರತಿಯನ್ನೂ ಇಟ್ಟಿದೆ, ಅದೂ ಅದೇ ದಾರಿಯ ಒಂದು ಕವಲಿನಲ್ಲಿ. ಜರ್ಮನಿಯ ಲೀಬಿಗ್ 1853ರಲ್ಲಿ ನಾಯಿಯ ಮೂತ್ರದಿಂದ ಒಂದು ಆಮ್ಲವನ್ನು ಬೇರ್ಪಡಿಸಿ, ಗ್ರೀಕ್ ಭಾಷೆಯ ನಾಯಿ, ಮೂತ್ರ ಎಂಬ ಎರಡು ಪದಗಳನ್ನು ಜೋಡಿಸಿ ‘ಕೈನ್ಯುರೆನಿಕ್’ ಎಂದು ಹೆಸರಿಟ್ಟನು. ಟ್ರಿಪ್ಟೊಫ್ಯಾನಿನ ಇಡೀ ದಾರಿಗೆ ಇಂದು ಇದೇ ಹೆಸರು ಅಂಟಿಕೊಂಡಿದೆ. ಮನುಷ್ಯನ ಬುದ್ಧಿಯನ್ನು ಕಾಯುವ ವ್ಯವಸ್ಥೆಗೆ ಇದಕ್ಕಿಂತ ನಿರಹಂಕಾರದ ನಾಮಕರಣವನ್ನು ನಾನು ಕಂಡಿಲ್ಲ. ಆ ಆಮ್ಲ ಮಿದುಳಿನಲ್ಲಿ ಅದೇ ಎನ್.ಎಂ.ಡಿ.ಎ. ಬಾಗಿಲನ್ನು ಮುಚ್ಚುತ್ತದೆಂಬುದು 1982ರಲ್ಲಿ ತಿಳಿಯಿತು. ತೆರೆಯುವವನೂ ಮುಚ್ಚುವವನೂ ಒಂದೇ ಬಳ್ಳಿಯ ಕಾಯಿಗಳು.

ಇನ್ನು ಜೋಳ. ಹಳಗನ್ನಡದಲ್ಲಿ ‘ಜೋಳವಾಳಿ’ ಎಂಬ ಮಾತುಂಟು. ಉಂಡ ಜೋಳದ ಋಣಕ್ಕಾಗಿ ಒಡೆಯನಿಗೆ ಪ್ರಾಣವನ್ನೇ ಒಪ್ಪಿಸುವ ವೀರನ ಧರ್ಮ. ತರಗತಿಯಲ್ಲಿ ಇದನ್ನು ಎಷ್ಟೋ ವರ್ಷ ವರ್ಣಿಸಿದೆ. ಜೋಳ ಮಾತ್ರವೇ ಉಂಡವರ ಗತಿಯನ್ನು ವಿವರಿಸಿದವರು ಹೈದರಾಬಾದಿನ ಪೋಷಣಾ ಸಂಶೋಧನಾಲಯದವರು. ಅಮೆರಿಕದಲ್ಲಿ ಮೆಕ್ಕೆಜೋಳ ತಿನ್ನುವ ಬಡವರಿಗೆ ಪೆಲಾಗ್ರ ಬರುವುದು ಹಿಂದೆಯೇ ಗೊತ್ತಿತ್ತು. ಅಲ್ಲಿ ಗೋಲ್ಡ್‌ಬರ್ಗರ್ ಇದು ಸೋಂಕಲ್ಲ, ಊಟದ ಕೊರತೆ ಎಂದು ಸಾಧಿಸಿದ್ದರು, 1937ರಲ್ಲಿ ಎಲ್ವೆಹಮ್ ನಯಾಸಿನ್ನನ್ನು ಗುರುತಿಸಿದ್ದರು. ಮೆಕ್ಕೆಜೋಳದಲ್ಲಿ ಟ್ರಿಪ್ಟೊಫ್ಯಾನ್ ಕಡಿಮೆ. ಆದರೆ ನಮ್ಮ ಬಿಳಿಜೋಳದಲ್ಲಿ ಅಷ್ಟು ಕಡಿಮೆಯಿಲ್ಲ. ಆದರೂ ದಖ್ಖನಿನ ಕೂಲಿಕಾರರಿಗೆ ಪೆಲಾಗ್ರ ಏಕೆ? 1960ರಲ್ಲಿ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಟಯ್ಯನವರು ಜೋಳದಲ್ಲಿ ಅತಿಯಾಗಿರುವ ಲ್ಯೂಸಿನ್ ಎಂಬ ಇನ್ನೊಂದು ಅಮೈನೋ ಆಮ್ಲವೇ ಟ್ರಿಪ್ಟೊಫ್ಯಾನಿನ ದಾರಿಗೆ ಅಡ್ಡ ಬರುತ್ತದೆಂದು ಸೂಚಿಸಿದರು. 1973ರಲ್ಲಿ ಅದೇ ಸಂಸ್ಥೆಯ ಗಫೂರುನ್ನೀಸಾ ಮತ್ತು ನರಸಿಂಗರಾವ್ ಇಲಿಗಳಿಗೆ ಲ್ಯೂಸಿನ್ ತಿನ್ನಿಸಿ ನೋಡಿದಾಗ, ಯಕೃತ್ತಿನಲ್ಲಿ ಕುಂದಿದ್ದು ಬೇರೆ ಯಾವುದೂ ಅಲ್ಲ, ಕ್ವಿನೊಲಿನಿಕ್ ಆಮ್ಲವನ್ನು ಮುಂದಕ್ಕೆ ದಾಟಿಸುವ ಕಿಣ್ವ. ಬೇರೆ ದೇಶಗಳ ಪ್ರಯೋಗಶಾಲೆಗಳಲ್ಲಿ ಇದು ಹೀಗೆಯೇ ಕಾಣಲಿಲ್ಲವೆಂಬ ಆಕ್ಷೇಪ ಮುಂದೆ ಬಂತು, ವಾದ ನಡೆಯಿತು. ಒಟ್ಟು ಊಟದ ಬಡತನವೇ ಮುಖ್ಯ ಕಾರಣವೆಂದವರೂ ಇದ್ದಾರೆ. ನನಗೆ ಎರಡನೆಯ ಮಾತೇ ಹೆಚ್ಚು ಸರಿಯೆಂದು ತೋರುತ್ತದೆ. ಉತ್ತರ ಕರ್ನಾಟಕದ ಸ್ಥಿತಿವಂತರ ಊಟದಲ್ಲಿಯೂ ಜೋಳದ ರೊಟ್ಟಿಯೇ ಪ್ರಧಾನ. ಶೇಂಗಾ ಚಟ್ನಿ, ಕಾಳುಪಲ್ಯ, ಮೊಸರು ಪಕ್ಕದಲ್ಲಿರುವ ರೊಟ್ಟಿ ಯಾರ ಬುದ್ಧಿಯನ್ನೂ ಕೆಡಿಸಿದ್ದನ್ನು ಕೇಳಿಲ್ಲ.

ಲಿಂಗಸುಗೂರಿನ ಆ ಹೆಂಗಸಿಗೆ ಆದದ್ದು ಕ್ವಿನೊಲಿನಿಕ್ ಆಮ್ಲ ಕಟ್ಟಿನಿಂತ ಅಪಾಯವೆಂದು ನಾನು ಹೇಳಿದಂತೆ ತಿಳಿಯಬಾರದು. ಅವಳದು ಅದೇ ದಾರಿಯ ಇನ್ನೊಂದು ಅಪಘಾತ. ಜ್ವರದ ಮಿದುಳಿನಲ್ಲಿ ಸರಕು ನಡುದಾರಿಯಲ್ಲಿ ನಿಂತು ನಂಜಾಗುತ್ತದೆ. ಅವಳಲ್ಲಿ ಸರಕೇ ಹೊರಟಿರಲಿಲ್ಲ. ಎರಡು ಕಡೆಯೂ ಕೊನೆಗೆ ಎನ್.ಎ.ಡಿ. ಬತ್ತಿ ನರಕೋಶ ಹಸಿಯುತ್ತದೆ. ಬೀದಿಯಲ್ಲಿ ನಿಂತು ಜೋಳ ಕಳುವಾಯಿತೆಂದು ಅವಳು ಕೂಗಿದ್ದು ಹಸಿದ ಮಿದುಳಿನ ಮಾತು. ಕದ್ದವನ ಹೆಸರು ತಪ್ಪಾಗಿತ್ತು, ಅಷ್ಟೆ.

ಮಳೆಗಾಲ ಹಿಡಿದ ಮೇಲೆ ಅವಳು ಮತ್ತೆ ಕೆಲಸಕ್ಕೆ ಬಂದಳು. ಕೊರಳಿನ ಕಪ್ಪು ಮಾಸಿತ್ತು. ಆ ದಿನಗಳು ಅವಳಿಗೆ ಪೂರ್ತಿ ನೆನಪಿರಲಿಲ್ಲ. ಯಾರೋ ಏನೋ ಹೇಳಿರಬೇಕು. ಪಾತ್ರೆ ಬೋರಲು ಹಾಕಿ, ಕೈ ಒರೆಸಿಕೊಂಡು, ಹೊಸಲಿನಾಚೆಯೇ ನಿಂತು ಕೇಳಿದಳು: “ಸರ, ನಾ ಆವಾಗ ನಿಮಗ ಏನರ ಅಂದಿದ್ದೆ ಏನ್ರೀ?”

“ಏನೂ ಅನ್ನಲಿಲ್ಲಮ್ಮ” ಎಂದೆ. ಅವಳನ್ನು ಬಿಡಿಸಿದ್ದು ನಾನೆಂಬುದು ಅವಳಿಗೆ ನೆನಪಿತ್ತೋ ಇಲ್ಲವೋ, ಅದನ್ನು ನಾನು ಕೇಳಲಿಲ್ಲ.